ಎದೆರೋಗ ತಜ್ಞರೊಬ್ಬರ ಉಲ್ಲೇಖಗಳನ್ನು ಎಣಿಸಿದ ಮೂರು ವಾರ

ಉಡುಪಿ ಜಿಲ್ಲೆಯ ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವನು ನಾನು. ನಿವೃತ್ತಿಯ ಅಂಚಿನಲ್ಲಿದ್ದ ಶ್ವಾಸಕೋಶ ವಿಭಾಗದ ಪ್ರಾಧ್ಯಾಪಕರೊಬ್ಬರು ತಾವು ಸಲ್ಲಿಸಲಿದ್ದ ಅರ್ಜಿಯೊಂದಕ್ಕಾಗಿ ತಮ್ಮ ಸಂಶೋಧನಾ ಲೇಖನಗಳ ಪೂರ್ಣ ಪಟ್ಟಿಯನ್ನೂ ಬೇರೆ ಲೇಖನಗಳಲ್ಲಿ ಅವುಗಳಿಗೆ ದೊರೆತ ಉಲ್ಲೇಖಗಳ ಲೆಕ್ಕವನ್ನೂ ಸಿದ್ಧಪಡಿಸಿಕೊಡುವಂತೆ ಕೇಳಿದಾಗ ಅದು ಒಂದು ಮಧ್ಯಾಹ್ನದ ಕೆಲಸವೆಂದೇ ಒಪ್ಪಿಕೊಂಡಿದ್ದೆ. ಹಿಡಿದದ್ದು ಮೂರು ವಾರ. ಎಣಿಕೆಗೆ ನಿಜಕ್ಕೂ ಒಂದು ಮಧ್ಯಾಹ್ನವೇ ಸಾಕಾಯಿತು. ಉಳಿದ ದಿನಗಳೆಲ್ಲ ಯಾವ ಲೇಖನ ಅವರದು, ಯಾವುದು ಅವರದಲ್ಲ ಎಂದು ತೀರ್ಮಾನಿಸುವುದರಲ್ಲಿ ಕಳೆದುಹೋದವು.

ಮೊದಲ ತೊಡಕು ಹೆಸರಿನದು. ನಮ್ಮ ಕರಾವಳಿಯಲ್ಲಿ ರಾವ್, ಭಟ್, ಶೆಟ್ಟಿ, ಪೈ ಎಂಬ ಕುಲನಾಮಗಳಿಗೆ ಬರವಿಲ್ಲ, ಅವುಗಳ ಹಿಂದಿನ ಇನಿಶಿಯಲ್‌ಗಳಿಗೆ ಲೆಕ್ಕವಿಲ್ಲ. ಪ್ರಾಧ್ಯಾಪಕರು ಆರಂಭದ ಲೇಖನಗಳಲ್ಲಿ ಒಂದೇ ಇನಿಶಿಯಲ್ ಬಳಸಿದ್ದರು, ಆಮೇಲೆ ಎರಡು, ವಿದೇಶಿ ಜರ್ನಲ್‌ಗಳಲ್ಲಿ ಪೂರ್ತಿ ಹೆಸರು. ಅವರು ಮಂಗಳೂರಿನಲ್ಲಿದ್ದ ವರ್ಷಗಳ ವಿಳಾಸದಲ್ಲಿ ಊರಿನ ಇಂಗ್ಲಿಷ್ ಕಾಗುಣಿತ ‘ಮ್ಯಾಂಗಲೋರ್’ ಎಂದೂ, 2014ರ ನವೆಂಬರ್ 1ರಂದು ಹೆಸರು ಬದಲಾದ ಬಳಿಕ ‘ಮಂಗಳೂರು’ ಎಂದೂ ಇದೆ. ವಿಭಾಗದ ಹೆಸರಂತೂ ‘ಕ್ಷಯ ಮತ್ತು ಎದೆರೋಗ’ ಎಂದಿದ್ದದ್ದು ‘ಪಲ್ಮನರಿ ಮೆಡಿಸಿನ್’ ಆಗಿ, ಕೊನೆಗೆ ‘ರೆಸ್ಪಿರೇಟರಿ ಮೆಡಿಸಿನ್’ ಆಯಿತು. ಯಂತ್ರಕ್ಕೆ ಇದೆಲ್ಲ ಒಬ್ಬನೇ ಮನುಷ್ಯನೆಂದು ತಿಳಿಯುವುದಾದರೂ ಹೇಗೆ? ಲೇಖನಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ದತ್ತಸಂಚಯವಾದ ಸ್ಕೋಪಸ್‌ನಲ್ಲಿ ಅವರು ಮೂವರಾಗಿ ಒಡೆದುಹೋಗಿದ್ದರು. ಸಂಶೋಧನಾ ಲೇಖನಗಳನ್ನು ಹುಡುಕುವ ತಾಣವಾದ ಗೂಗಲ್ ಸ್ಕಾಲರ್‌ನಲ್ಲಿ ಇದಕ್ಕೆ ತದ್ವಿರುದ್ಧ: ಅದೇ ಇನಿಶಿಯಲ್‌ನ ಬೇರೊಬ್ಬರ ಕಾಂಕ್ರೀಟ್ ಕುರಿತ ಲೇಖನಗಳು ತಾವಾಗಿಯೇ ಬಂದು ಇವರ ಖಾತೆಗೆ ಸೇರಿಕೊಂಡಿದ್ದವು. ಸ್ಕೋಪಸ್‌ಗೆ ಮನವಿ ಕಳಿಸಿ ಮೂರು ಖಾತೆಗಳನ್ನು ಒಂದಾಗಿಸಿದೆ. ಸ್ಕಾಲರ್‌ನಲ್ಲಿ ಲೇಖನಗಳನ್ನು ತಾನಾಗಿ ಸೇರಿಸಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿ, ಕಾಂಕ್ರೀಟನ್ನು ಒಂದೊಂದಾಗಿ ಹೊರಹಾಕಿದೆ. ಪ್ರಾಧ್ಯಾಪಕರಿಗೆ ಆರ್ಕಿಡ್ ಸಂಖ್ಯೆ ಮಾಡಿಸಿದ್ದೂ ಆಗಲೇ; ಹೂವಿನ ಹೆಸರಿನಂತೆ ಕೇಳಿಸುವ, 2012ರಿಂದ ಜಾರಿಯಲ್ಲಿರುವ ಸಂಶೋಧಕರ ಈ 16 ಅಂಕಿಗಳ ಗುರುತನ್ನು ವೃತ್ತಿಯ ಮೊದಲ ದಿನವೇ ಪಡೆದುಕೊಳ್ಳಿರೆಂದು ಕಿರಿಯ ವೈದ್ಯರಿಗೆ ಈಗ ಎದುರಾದಾಗಲೆಲ್ಲ ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಯಾವ ದತ್ತಸಂಚಯವೂ ಅಲ್ಲ, ಪ್ರಾಧ್ಯಾಪಕರ ಕಪಾಟಿನಲ್ಲಿದ್ದ, ಮಳೆಗಾಲದ ತೇವಕ್ಕೆ ಅಂಚು ಹಳದಿಯಾದ ಮುದ್ರಿತ ಪ್ರತಿಗಳ ಕಟ್ಟು. ಅದನ್ನು ಮುಂದಿಟ್ಟುಕೊಂಡು ಪ್ರತಿಯೊಂದನ್ನೂ ವೈದ್ಯಕೀಯ ಲೇಖನಗಳ ದತ್ತಸಂಚಯ ಪಬ್‌ಮೆಡ್, ಸ್ಕೋಪಸ್, ಸ್ಕಾಲರ್ ಮೂರರಲ್ಲೂ ಹುಡುಕಿದೆ. ಅವರು ತೊಂಬತ್ತರ ದಶಕದಲ್ಲಿ ಬರೆದ ಕೆಲವು ಲೇಖನಗಳು ಸ್ಕೋಪಸ್‌ನ ಮುಖ್ಯ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಬೇರೆಯವರು ಅವನ್ನು ಉಲ್ಲೇಖಿಸಿದ್ದರಿಂದ ‘ಸೆಕೆಂಡರಿ ಡಾಕ್ಯುಮೆಂಟ್ಸ್’ ಎಂಬ ಇನ್ನೊಂದು ಅಂಕಣದಲ್ಲಿ ಕುಳಿತಿದ್ದವು. ಲೇಖನಗಳ ಸಂಖ್ಯೆಯನ್ನೂ ಉಲ್ಲೇಖಗಳನ್ನೂ ಸೇರಿಸಿ ಸಂಶೋಧಕರನ್ನು ಅಳೆಯುವ ಎಚ್-ಇಂಡೆಕ್ಸ್ ಎಂಬ ಸೂಚ್ಯಂಕದ ಲೆಕ್ಕಕ್ಕೆ ಈ ಅಂಕಣ ಸೇರುವುದಿಲ್ಲ. ನಮ್ಮ ದೇಶದ ಜರ್ನಲ್‌ಗಳಲ್ಲಿ ಬರೆದ ಹಿರಿಯ ವೈದ್ಯರು ಸ್ಕೋಪಸ್‌ನಲ್ಲಿ ತೆಳ್ಳಗೆ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಈ ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ತಲಾ ಹತ್ತಕ್ಕೆ ಕಡಿಮೆಯಿಲ್ಲದಂತೆ ಉಲ್ಲೇಖ ಪಡೆದ ಹತ್ತು ಲೇಖನಗಳಿದ್ದು, ಹನ್ನೊಂದಕ್ಕೆ ಆ ಮಾತು ಸಲ್ಲದಿದ್ದರೆ ಸೂಚ್ಯಂಕ ಹತ್ತು. ಅದರ ಗುಣ ನನಗೆ ಮನದಟ್ಟಾದದ್ದು ಒಂದೇ ಒಂದು ಲೇಖನದಿಂದ. ನಮ್ಮ ಪ್ರಾಧ್ಯಾಪಕರು ಜಗತ್ತಿನಾದ್ಯಂತ ರೋಗಗಳ ಹೊರೆಯನ್ನು ಅಂದಾಜಿಸುವ ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ಯೋಜನೆಯ ಒಂದು ಲೇಖನದಲ್ಲಿ ಸಹಲೇಖಕರು. ಈ ಯೋಜನೆಯ ಬರಹಗಳಲ್ಲಿ ನೂರಾರು ಲೇಖಕರಿರುತ್ತಾರೆ, ಉಲ್ಲೇಖಗಳೂ ಸಾವಿರಗಳ ಲೆಕ್ಕದಲ್ಲಿ ಬರುತ್ತವೆ. ಅದೊಂದನ್ನು ತೆಗೆದರೆ ಅವರ ಒಟ್ಟು ಉಲ್ಲೇಖಗಳಲ್ಲಿ ಅರ್ಧಕ್ಕೂ ಹೆಚ್ಚು ಕರಗಿಹೋಗುತ್ತಿತ್ತು. ಎಚ್-ಇಂಡೆಕ್ಸ್ ಮಾತ್ರ ಇಳಿದದ್ದು ಒಂದೇ ಅಂಕಿ. ಒಂದು ಲೇಖನ ತೆಗೆದರೆ ಅದು ಒಂದಕ್ಕಿಂತ ಹೆಚ್ಚು ಇಳಿಯಲು ಸಾಧ್ಯವೂ ಇಲ್ಲ. ಹಾಗಾಗಿ ಒಟ್ಟು ಉಲ್ಲೇಖಗಳನ್ನು ಆ ಲೇಖನ ಸಹಿತ ಮತ್ತು ರಹಿತ ಎಂದು ಎರಡು ಸಾಲುಗಳಲ್ಲಿ ಬರೆದೆ. ಸಹಿತದ ಸಾಲು ಬೇಡವೇ ಬೇಡ ಎಂದು ಪ್ರಾಧ್ಯಾಪಕರು ಮೊದಲು ಹಟ ಹಿಡಿದರು. ಅದನ್ನು ಬಚ್ಚಿಡುವುದೂ ಸುಳ್ಳಾದೀತೆಂದು ನಾನು ವಾದಿಸಿದ ಮೇಲೆ ಒಪ್ಪಿದರು. ಲೇಖಕರು ತಮ್ಮನ್ನು ತಾವೇ ಉಲ್ಲೇಖಿಸಿಕೊಂಡ ಆತ್ಮೋಲ್ಲೇಖಗಳನ್ನು ಬಿಟ್ಟು ಎಣಿಸುವ ಆಯ್ಕೆ ಸ್ಕೋಪಸ್‌ನಲ್ಲೇ ಇದೆ, ಆ ಸಂಖ್ಯೆಯನ್ನೂ ಸೇರಿಸಿದೆವು. ಇಂಪ್ಯಾಕ್ಟ್ ಫ್ಯಾಕ್ಟರಿಗೆ ಅಂಕಣವನ್ನೇ ಇಡಲಿಲ್ಲ. ಅದು ಹಿಂದಿನ ಎರಡು ವರ್ಷಗಳ ಪ್ರಕಟಣೆಗಳಿಗೆ ಜರ್ನಲ್ ಪಡೆದ ಉಲ್ಲೇಖಗಳ ಸರಾಸರಿಯೇ ಹೊರತು ಯಾವುದೇ ಒಂದು ಲೇಖನದ ತೂಕವಲ್ಲ.

ಕೊನೆಯ ವಾರ ನಾನು ಮಾಡಿದ್ದು ಯಾರೂ ಕೇಳಿರದ ಕೆಲಸ: ಉಲ್ಲೇಖಿಸಿದವರ ಲೇಖನಗಳನ್ನು ತೆರೆದು, ಇವರ ಹೆಸರು ಎಲ್ಲಿ, ಯಾತಕ್ಕೆ ಬಂದಿದೆ ಎಂದು ಓದಿದೆ. ಅಸ್ತಮಾ ಕುರಿತ ಅವರ ವಿಮರ್ಶಾ ಲೇಖನಕ್ಕೆ ಉಲ್ಲೇಖಗಳು ಧಾರಾಳವಾಗಿದ್ದವು, ಆದರೆ ಬಹುಪಾಲು ಪೀಠಿಕೆಯ ಮೊದಲ ವಾಕ್ಯದಲ್ಲಿ, ಇನ್ನೂ ನಾಲ್ಕು ಹೆಸರುಗಳ ಸಾಲಿನಲ್ಲಿ. ಬೀಡಿ ಕಟ್ಟುವ ಹೆಂಗಸರ ಉಸಿರಾಟದ ಸಾಮರ್ಥ್ಯವನ್ನು ಸ್ಪೈರೋಮೀಟರ್‌ನಿಂದ ಅಳೆದ ಚಿಕ್ಕ ಲೇಖನಕ್ಕೆ ಸಿಕ್ಕವು ಬೆರಳೆಣಿಕೆಯಷ್ಟೇ. ಆದರೆ ಅಲ್ಲಿ ಬೇರೆಯವರು ಇವರ ವಿಧಾನವನ್ನೇ ಅನುಸರಿಸಿದ್ದರು, ತಮ್ಮ ಅಳತೆಗಳನ್ನು ಇವರ ಅಳತೆಗಳ ಪಕ್ಕದಲ್ಲಿಟ್ಟು ಚರ್ಚಿಸಿದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸೂಚ್ಯಂಕಗಳ ಮೇಲೆ ನನಗೆ ಅಂದಿನಿಂದ ಪೂರ್ತಿ ನಂಬಿಕೆಯಿಲ್ಲ. ಪಟ್ಟಿಯ ಕೆಳಗೆ ಇದನ್ನು ಟಿಪ್ಪಣಿಯಾಗಿ ಬರೆದೆ. ಅರ್ಜಿ ಪರಿಶೀಲಿಸುವ ಸಮಿತಿಯವರು ಓದಿದರೋ ಇಲ್ಲವೋ ತಿಳಿಯದು.

ಪ್ರತಿ ಸಂಖ್ಯೆಯ ಎದುರಿಗೂ ಅದನ್ನು ಯಾವ ಮೂಲದಿಂದ, ಯಾವ ದಿನ ತೆಗೆದದ್ದೆಂದು ನಮೂದಿಸಿದ್ದೆ. ಅರ್ಜಿ ಸಲ್ಲಿಸುವ ಬೆಳಿಗ್ಗೆ ಪ್ರಾಧ್ಯಾಪಕರು ಫೋನ್ ಮಾಡಿ, ಸ್ಕಾಲರ್‌ನಲ್ಲಿ ರಾತ್ರೋರಾತ್ರಿ ಮೂರು ಉಲ್ಲೇಖ ಹೆಚ್ಚಾಗಿದೆ, ತಿದ್ದಬೇಕೇ ಎಂದು ಕೇಳಿದರು. ದಿನಾಂಕ ಹಾಕಿದ್ದೇನಲ್ಲ ಸಾರ್, ಹಾಗೇ ಇರಲಿ ಎಂದೆ.