ಪೇಜ್‌ಮೇಕರ್ ಬಿಟ್ಟ ಮೇಲೆ ನಮ್ಮ ಡಿಟಿಪಿ ಅಂಗಡಿ: ನನ್ನ ಅನುಭವ

ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟು (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು), ಪುಟ ಕಟ್ಟುವ ಪೇಜ್‌ಮೇಕರ್ ಎರಡೂ ಇಲ್ಲದೆ ಕನ್ನಡ ಡಿಟಿಪಿ ಅಂಗಡಿ ನಡೆಯುತ್ತದೆ. ಮೊದಲಿಗಿಂತ ದುಡ್ಡೂ ಜಾಸ್ತಿ ಉಳಿಯುತ್ತದೆ. ಗದಗಿನ ನಮ್ಮ ಅಂಗಡಿಯಲ್ಲಿ ಹೆಚ್ಚುಕಡಿಮೆ ಎರಡು ವರ್ಷದಿಂದ ಲಗ್ನಪತ್ರಿಕೆ, ಬಿಲ್ ಬುಕ್, ಸ್ಮರಣ ಸಂಚಿಕೆ, ಕವನ ಸಂಕಲನ ಎಲ್ಲವೂ ಯೂನಿಕೋಡ್‌ನಲ್ಲೇ (ಫೋನು, ಕಂಪ್ಯೂಟರು ಎಲ್ಲದರಲ್ಲೂ ಒಂದೇ ಥರ ನಡೆಯುವ ಅಕ್ಷರ ಸಂಕೇತ) ಆಗುತ್ತಿವೆ. ಶುರು ಮಾಡಿದಾಗ ನಮ್ಮ ಓಣಿಯ ಪ್ರೆಸ್ಸಿನವರು ‘ಸುಮ್ನೆ ಗಿರಾಕಿ ಕಳ್ಕೋತೀಯ’ ಅಂದಿದ್ದರು. ಈಗ ಅವರಲ್ಲೇ ಇಬ್ಬರು ಹಳೇ ಫೈಲು ಬದಲಾಯಿಸಿಕೊಡು ಅಂತ ಪೆನ್‌ಡ್ರೈವ್ ತರುತ್ತಾರೆ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೇನೆ.

ಬದಲಾಗಲೇಬೇಕು ಅನ್ನಿಸಿದ್ದು ವಾಟ್ಸಾಪ್‌ನಿಂದ. ಹಿಂದೆಲ್ಲ ಗಿರಾಕಿ ಕಾಗದದ ಮೇಲೆ ಮ್ಯಾಟರ್ ಬರೆದು ತರುತ್ತಿದ್ದ, ನಾವು ಕೂತು ಹೊಡೆಯುತ್ತಿದ್ದೆವು. ಈಗ ಹತ್ತರಲ್ಲಿ ಏಳು ಜನ ಫೋನಿನಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಅದು ಬರುವುದೇ ಯೂನಿಕೋಡ್‌ನಲ್ಲಿ. ಪೇಜ್‌ಮೇಕರಿಗೆ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಗಿರಾಕಿ ಒಮ್ಮೆ ಟೈಪ್ ಮಾಡಿದ್ದನ್ನೇ ನಮ್ಮ ಹುಡುಗ ಸ್ಕ್ರೀನ್ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದ. ಅದರಲ್ಲಿ ತಪ್ಪು ಬರೋದು, ಪ್ರೂಫ್ ತಿದ್ದೋದು, ಮತ್ತೆ ಪ್ರಿಂಟ್ ತೆಗೆಯೋದು. ಒಂದು ಲಗ್ನಪತ್ರಿಕೆಗೆ ಎರಡು ತಾಸು ಹೋಗುತ್ತಿತ್ತು. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಅಲ್ವಾ?

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಅದರ ಕೊನೆಯ ಆವೃತ್ತಿ. ಇಷ್ಟು ವರ್ಷ ಅದೇ ನಮಗೆ ಅನ್ನ ಹಾಕಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಯೂನಿಕೋಡ್ ಅದಕ್ಕೆ ಅರ್ಥ ಆಗುವುದಿಲ್ಲ, ಇನ್ನು ಆಗುವುದೂ ಇಲ್ಲ. ಪುಟ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆ ಹಾಕಿದರೆ ಕನ್ನಡ ಚೆನ್ನಾಗಿ ಕೂರುತ್ತದೆ. ನಾನು ವಿಚಾರಿಸಿದಾಗ ಒಂದು ಕಂಪ್ಯೂಟರಿಗೆ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಅಂದರು. ನಮ್ಮಲ್ಲಿ ಮೂರು ಕಂಪ್ಯೂಟರು. ಅರವತ್ತು ಸಾವಿರ ಅಂದರೆ ನಮ್ಮಂಥ ಅಂಗಡಿಯ ಒಂದು ವರ್ಷದ ಬಾಡಿಗೆ. ಲೈಸೆನ್ಸ್ ಇಲ್ಲದ ಕಾಪಿ ಹಾಕಿಕೊಂಡು ಕೂರುವುದು ನನಗೆ ಇಷ್ಟವಿರಲಿಲ್ಲ.

ಆಗಲೇ ಇನ್ನೊಂದು ತಲೆನೋವು ಎದುರಿಗಿತ್ತು. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ ಅಂತ ಮೊದಲೇ ಹೇಳಿಬಿಟ್ಟಿದ್ದರು. ನಮ್ಮದು ನಾಲ್ಕನೇ ತಲೆಮಾರಿನ ಐ3, ವಿಂಡೋಸ್ 11 ಕೇಳುವ ಹಾರ್ಡ್‌ವೇರ್ ಅಲ್ಲ. ಹೊಸ ಕಂಪ್ಯೂಟರ್ ಮೂರು ಅಂದರೆ ಲಕ್ಷದ ಮೇಲೆ. ಅದರ ಬದಲು ಒಂದೊಂದಕ್ಕೆ ಎಸ್‌ಎಸ್‌ಡಿ, ಇನ್ನಷ್ಟು ರ‍್ಯಾಮ್ ಹಾಕಿ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಕೂರಿಸಿದೆ. ಒಟ್ಟು ಹತ್ತು ಸಾವಿರ ಆಗಿರಬಹುದು. ಪುಟ ಕಟ್ಟಲು ಸ್ಕ್ರೈಬಸ್, ಕಾರ್ಡು ಮತ್ತು ಫ್ಲೆಕ್ಸಿಗೆ ಇಂಕ್‌ಸ್ಕೇಪ್, ಮ್ಯಾಟರ್ ತಿದ್ದಲು ಲಿಬ್ರೆಆಫೀಸ್. ಕೀಬೋರ್ಡಿನ ಚಿಂತೆ ಬೇಡ. ನುಡಿಯಲ್ಲಿ ನಾವು ಬಳಸುವ ಕೆ.ಪಿ. ರಾವ್ ರೂಪಿಸಿದ ಕೀಲಿಗಳ ವಿನ್ಯಾಸ ಲಿನಕ್ಸ್‌ನಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ನಮ್ಮ ಹುಡುಗರ ಬೆರಳು ಹೊಸದೇನೂ ಕಲಿಯಬೇಕಾಗಲಿಲ್ಲ.

ಹೊಡೆತ ಬಿದ್ದದ್ದು ಅಚ್ಚಿನ ಯಂತ್ರಕ್ಕೆ ಹಾಕುವ ಪ್ಲೇಟ್ ಮಾಡಿಸುವಲ್ಲಿ. ನಮ್ಮಲ್ಲಿ ಪಿಡಿಎಫ್ ಚೆನ್ನಾಗಿ ಕಾಣುತ್ತದೆ. ಪ್ಲೇಟ್ ಹಾಕುವವರು ಅದನ್ನು ತಮ್ಮ ಹಳೇ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದ ಕೂಡಲೇ ಒತ್ತಕ್ಷರ ಎಲ್ಲ ಬಿಚ್ಚಿಕೊಳ್ಳುತ್ತಿದ್ದವು. ‘ಪ್ರಸನ್ನ’ದ ನಕಾರದ ಒತ್ತು ಪಕ್ಕಕ್ಕೆ ಹೋಗಿ ಕೂರೋದು. ಐನೂರು ಲಗ್ನಪತ್ರಿಕೆ ಹಾಗೇ ಅಚ್ಚಾಗಿ ಬಂದವು. ಗಿರಾಕಿ ತಗೊಳ್ಳಲಿಲ್ಲ, ಪ್ಲೇಟಿನವರು ಜವಾಬ್ದಾರಿ ಹೊರಲಿಲ್ಲ. ಕಾಗದ, ಪ್ಲೇಟು, ಅಚ್ಚು ಎಲ್ಲ ಸೇರಿ ಆರು ಸಾವಿರದಷ್ಟು ನನ್ನ ಜೇಬಿನಿಂದ ಹೋಯಿತು. ಆ ವಾರ ಓಣಿಯಲ್ಲಿ ಎಲ್ಲರ ಬಾಯಲ್ಲೂ ಇದೇ ಸುದ್ದಿ.

ಪರಿಹಾರ ಚಿಕ್ಕದು. ಪಿಡಿಎಫ್ ತೆಗೆಯುವಾಗ ಫಾಂಟನ್ನು ಫೈಲಿನೊಳಗೆ ಸೇರಿಸದೆ (ಎಂಬೆಡ್ ಮಾಡದೆ) ಔಟ್‌ಲೈನ್ ಮಾಡಿ. ಸ್ಕ್ರೈಬಸ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಆ ಆಯ್ಕೆ ಇದೆ. ಆಮೇಲೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಚಿತ್ರರೇಖೆ ಆಗುತ್ತದೆ. ಯಾರು ಯಾವುದರಲ್ಲಿ ತೆರೆದರೂ ಒಡೆಯುವುದಿಲ್ಲ. ಕೊನೇ ಗಳಿಗೆಯ ತಿದ್ದುಪಡಿ ಪ್ಲೇಟಿನವರ ಹತ್ತಿರ ಆಗುವುದಿಲ್ಲ ಅಷ್ಟೇ, ನಮ್ಮಲ್ಲೇ ಮಾಡಿ ಮತ್ತೆ ಕಳಿಸಬೇಕು. ನನಗೆ ಅದೇ ಒಳ್ಳೆಯದಾಯಿತು. ತಿದ್ದುಪಡಿಗೆ ಈಗ ಐವತ್ತು ರೂಪಾಯಿ ತಗೊಳ್ಳುತ್ತೇನೆ. ಬಣ್ಣದ ಕೆಲಸ ಇದ್ದರೆ ಇಂಕ್‌ಸ್ಕೇಪ್‌ನಿಂದ ನೇರ ಪ್ಲೇಟಿಗೆ ಕಳಿಸಬೇಡಿ. ಅದು ಆರ್‌ಜಿಬಿ, ಅಂದರೆ ಪರದೆಯ ಬಣ್ಣದ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಚಿತ್ರವನ್ನು ಸ್ಕ್ರೈಬಸ್‌ಗೆ ತಂದು ಅಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಇಂಕಿನ) ಬಣ್ಣ ಕೊಟ್ಟು ತೆಗೆಯಿರಿ. ಕಪ್ಪು ಅಕ್ಷರ ಬರೀ ಕಪ್ಪು ಇಂಕಿನಲ್ಲೇ ಇದೆಯಾ ಅಂತ ನೋಡಿ. ನಾಲ್ಕು ಬಣ್ಣದಲ್ಲಿ ಸಣ್ಣ ಅಕ್ಷರ ಬಿದ್ದರೆ ಅಂಚು ಮಸುಕಾಗುತ್ತದೆ.

ಇನ್ನು ಹಳೇ ಫೈಲುಗಳ ಕಥೆ. ಇದೇ ಜಾಸ್ತಿ ಸಮಯ ತಿಂದದ್ದು. ಆಸ್ಕಿಯಿಂದ ಯೂನಿಕೋಡ್‌ಗೆ ಉಚಿತ ಕನ್ವರ್ಟರ್‌ಗಳಿವೆ, ನೂರಕ್ಕೆ ತೊಂಬತ್ತೈದು ಭಾಗ ಸರಿ ಮಾಡುತ್ತವೆ. ಉಳಿದ ಐದು ಭಾಗವೇ ಮರ್ಯಾದೆ ತೆಗೆಯುವುದು. ಆಸ್ಕಿ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’ ಸರಿಯಾಗುತ್ತದೆ. ‘ಸಾಮರ್ಥ್ಯ’, ‘ಈರ್ಷ್ಯೆ’ ಥರ ಅರ್ಕಾವೊತ್ತಿನ ಜೊತೆ ಇನ್ನೊಂದು ಒತ್ತು ಬಂದರೆ ಕೆಲವು ಕನ್ವರ್ಟರ್ ದಾರಿ ತಪ್ಪುತ್ತವೆ. ‘ರ‍್ಯಾಲಿ’, ‘ರ‍್ಯಾಂಕ್’ ಬೇಕಾದಲ್ಲಿ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಇಲ್ಲದಿದ್ದರೆ ಅರ್ಕಾವೊತ್ತು ಬಂದು ಕೂರುತ್ತದೆ. ನುಡಿಯ ಇ ಫಾಂಟು (ಇಂಗ್ಲಿಷ್ ಅಂಕಿಯದು), ಕೆ ಫಾಂಟು (ಕನ್ನಡ ಅಂಕಿಯದು) ಎರಡೂ ಬಳಸಿದ ಫೈಲಿನಲ್ಲಿ ಅಂಕಿ ಕಲಸಿಹೋಗುತ್ತವೆ. ಫೋನ್ ನಂಬರ್ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಂಕಿಯಲ್ಲಿ ಬಂದದ್ದನ್ನು ನೋಡಿದ್ದೇನೆ. ಮಧ್ಯೆ ಇರುವ ಇಂಗ್ಲಿಷ್ ಪದವೂ ಕನ್ನಡದ ಕಸ ಆಗಿಬಿಡುತ್ತದೆ. ಶ್ರೀಲಿಪಿ, ಆಕೃತಿ ಅನ್ನುವ ಬೇರೆ ತಂತ್ರಾಂಶಗಳ ಫೈಲು ಪೂರ್ತಿ ಬೇರೆ ಲೆಕ್ಕ, ಅವನ್ನು ನುಡಿಯ ಕನ್ವರ್ಟರಿಗೆ ಹಾಕಲೇಬೇಡಿ.

ಇವಕ್ಕೆಲ್ಲ ನಾನು ಯಾವ ತಪ್ಪಿನ ಜಾಗದಲ್ಲಿ ಯಾವುದು ಬರಬೇಕು ಅನ್ನುವ ಒಂದು ಬದಲಾವಣೆ ಪಟ್ಟಿ ಮಾಡಿಕೊಂಡಿದ್ದೇನೆ. ಕನ್ವರ್ಟರ್‌ನಿಂದ ಬಂದ ಮ್ಯಾಟರನ್ನು ಅದರಲ್ಲಿ ಓಡಿಸಿದರೆ ಪ್ರೂಫಿನಲ್ಲಿ ಪುಟಕ್ಕೆ ಒಂದೋ ಎರಡೋ ತಪ್ಪು ಉಳಿಯುತ್ತವೆ. ಆ ಪಟ್ಟಿಯನ್ನು ಇಲ್ಲಿ ಹಾಕುವುದಿಲ್ಲ. ರಾತ್ರಿ ಕೂತು ಕಟ್ಟಿದ ಪಟ್ಟಿ ಅದು, ಅದೇ ಈಗ ನನ್ನ ಸಂಪಾದನೆ. ಹಾಗೆಯೇ ಕಿರಿದಾದ ಕಾಲಮ್ಮಿನಲ್ಲಿ ಉದ್ದ ಪದ ಬಂದು ಸಾಲಿನಲ್ಲಿ ಅಗಲ ಸಂದು ಬೀಳುವುದಕ್ಕೂ ಒಂದು ಉಪಾಯ ಇದೆ. ಪೇಜ್‌ಮೇಕರ್‌ನಲ್ಲಿ ಕೈಯಲ್ಲೇ ಮುರಿಯುತ್ತಿದ್ದೆವಲ್ಲ, ಅದಲ್ಲ. ಅದನ್ನೂ ಹೇಳುವುದಿಲ್ಲ.

ಫಾಂಟ್ ಇಲ್ಲ ಅನ್ನುವವರಿಗೆ ಒಂದು ಮಾತು. ಆ ಕಾಲ ಹೋಯಿತು. ಪುಸ್ತಕದ ಒಡಲಿಗೆ ನೋಟೋ ಸೆರಿಫ್ ಅಥವಾ ಟಿರೋ, ಶೀರ್ಷಿಕೆಗೆ ಬಲೂ ತಮ್ಮ, ಕಾರ್ಡಿಗೆ ಗುಬ್ಬಿ, ನವಿಲು. ಫ್ಲೆಕ್ಸಿಗೆ ನನ್ನ ಮೆಚ್ಚಿನದು ಅನೆಕ್ ಕನ್ನಡ. ಅದು ವೇರಿಯಬಲ್ ಫಾಂಟ್, ದಪ್ಪ ಮತ್ತು ಅಗಲ ಎರಡನ್ನೂ ಬೇಕಾದಷ್ಟು ಹೊಂದಿಸಬಹುದು. ಒಂದೇ ಫ್ಲೆಕ್ಸಿನಲ್ಲಿ ನಲವತ್ತು ಮುಖಂಡರ ಹೆಸರು ಹಿಡಿಸಬೇಕಾದಾಗ ಅಕ್ಷರವನ್ನು ಹಿಚುಕುವ ಕೆಲಸ ಇಲ್ಲ, ಅಗಲ ಕಡಿಮೆ ಮಾಡಿದರೂ ಅಂದ ಕೆಡುವುದಿಲ್ಲ. ಇವೆಲ್ಲ ಮುಕ್ತ ಲೈಸೆನ್ಸಿನವು, ವ್ಯಾಪಾರಕ್ಕೂ ಬಳಸಬಹುದು. ಇವನ್ನು ಮಾಡಿಕೊಟ್ಟವರಿಗೆ ನಾನು ನಿಜವಾಗಿ ಋಣಿ. ನಮ್ಮಂಥ ಸಣ್ಣ ಅಂಗಡಿಗಳಿಗೆ ಇಷ್ಟು ದೊಡ್ಡ ಉಪಕಾರವನ್ನು ಬೇರೆ ಯಾರೂ ಮಾಡಿಲ್ಲ.

ಮಧ್ಯೆ ಒಂದಿಷ್ಟು ಪ್ರಯೋಗ ಮಾಡಿದೆ. ಒಬ್ಬ ಹಿರಿಯರು ಕೈಬರಹದ ಕವನದ ನೋಟ್‌ಬುಕ್ ತಂದಿದ್ದರು. ಫೋನಿನ ಧ್ವನಿ ಟೈಪಿಂಗ್ ಆನ್ ಮಾಡಿ ಅವರನ್ನೇ ಓದಿಸಿದೆ. ಅವರು ನಿಧಾನವಾಗಿ ಗ್ರಾಂಥಿಕವಾಗಿ ಓದಿದಾಗ ಬಹಳ ಚೆನ್ನಾಗಿ ಬಂತು. ನಮ್ಮ ಕಡೆಯ ಮಾತಿನಲ್ಲಿ ಬರೆದ ಪದ್ಯಗಳಲ್ಲಿ ಮಾತ್ರ ‘ಬರ್ತೇನ್ರೀ’, ‘ಹೋಗೂಣು’ ಎಲ್ಲ ಏನೇನೋ ಆದವು. ಆದರೂ ಟೈಪಿಂಗಿಗಿಂತ ಅರ್ಧ ಸಮಯ. ಹಳೇ ಮೊಳೆ ಅಚ್ಚಿನ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಚಿತ್ರದಿಂದ ಅಕ್ಷರ ಓದುವ ಗೂಗಲ್ ಡ್ರೈವ್‌ನ ಒಸಿಆರ್, ಟೆಸೆರಾಕ್ಟ್ ಎರಡರಲ್ಲೂ ಹಾಕಿ ನೋಡಿದೆ. ಸ್ವಚ್ಛ ಪುಟದಲ್ಲಿ ಮೊದಲನೆಯದು ಮುಂದೆ. ಮೊಳೆ ಸವೆದ ಪುಟದಲ್ಲಿ ಎರಡೂ ಒತ್ತಕ್ಷರ ನುಂಗುತ್ತವೆ. ಅಂಥ ಪುಟ ಕೈಯಲ್ಲೇ ಹೊಡೆಯುವುದು ಲೇಸು. ಎಐ ಚಿತ್ರದ ವಿಷಯ ಕೇಳಲೇಬೇಡಿ. ಹಿನ್ನೆಲೆಗೆ ಹೂವು, ಮಂಟಪ ಚೆನ್ನಾಗಿ ಬರೆದುಕೊಟ್ಟಿತು. ‘ಶುಭ ವಿವಾಹ’ ಅಂತ ಬರೆಸಲು ಹೋದರೆ ಯಾವ ಲಿಪಿಯೂ ಅಲ್ಲದ್ದು ಬಂತು. ಹಿನ್ನೆಲೆ ಮಾತ್ರ ತಗೊಂಡು ಅಕ್ಷರ ನಾವೇ ಇಂಕ್‌ಸ್ಕೇಪ್‌ನಲ್ಲಿ ಹಾಕುತ್ತೇವೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ನಿಮಗೆ ಬೇಕಾದ್ದು ಅದೇ. ಲಗ್ನಪತ್ರಿಕೆ ಅಚ್ಚು ಮಾಡಿಸುವವರು ಕಡಿಮೆಯಾಗಿದ್ದಾರೆ. ಮೊದಲು ಸಾವಿರ ಹಾಕಿಸುತ್ತಿದ್ದ ಮನೆಯವರು ಈಗ ಇನ್ನೂರು ಸಾಕು ಅನ್ನುತ್ತಾರೆ, ಉಳಿದವರಿಗೆಲ್ಲ ವಾಟ್ಸಾಪ್. ಪೇಜ್‌ಮೇಕರ್ ಕಾಲದಲ್ಲಿ ಆ ವಾಟ್ಸಾಪ್ ಕಾರ್ಡು ಮೊಬೈಲ್ ಹುಡುಗರ ಪಾಲಾಗುತ್ತಿತ್ತು. ಈಗ ಅದೇ ಮ್ಯಾಟರ್‌ನಿಂದ ಅಚ್ಚಿನ ಕಾರ್ಡು, ಫೋನಿನ ಕಾರ್ಡು, ಮಂಟಪದ ಮುಂದಿನ ಫ್ಲೆಕ್ಸು ಮೂರನ್ನೂ ನಾವೇ ಕೊಡುತ್ತೇವೆ. ಫೋನ್ ಕಾರ್ಡಿಗೆ ಮುನ್ನೂರು ರೂಪಾಯಿ. ಪುಸ್ತಕಕ್ಕೆ ಪುಟಕ್ಕೆ ಮೂವತ್ತು ತಗೊಳ್ಳುತ್ತಿದ್ದೆವು, ಲೇಖಕರೇ ಯೂನಿಕೋಡ್ ಫೈಲು ಕೊಟ್ಟರೆ ಇಪ್ಪತ್ತು. ದರ ಕಡಿಮೆ, ಆದರೆ ಟೈಪಿಂಗ್ ಇಲ್ಲದ್ದರಿಂದ ಉಳಿಯುವುದು ಜಾಸ್ತಿ. ಜೊತೆಗೆ ಇ-ಬುಕ್ ಬೇಕು ಅಂದರೆ ಅದೇ ಮ್ಯಾಟರ್‌ನಿಂದ ಇಪಬ್ ತೆಗೆದುಕೊಡುತ್ತೇನೆ. ಎಲ್ಲ ಸೇರಿ ತಿಂಗಳಿಗೆ ಎಂಟು ಒಂಬತ್ತು ಸಾವಿರ ಹೆಚ್ಚಿಗೆ ಸಿಗುತ್ತಿದೆ. ಮದುವೆ ಸೀಸನ್ನಿನಲ್ಲಿ ಇನ್ನೂ ಮೇಲೆ.

ಬದಲಾಯಿಸುವವರು ಒಮ್ಮೆಲೇ ಎಲ್ಲ ಕಿತ್ತು ಹಾಕಬೇಡಿ. ಮೊದಲು ಹ್ಯಾಂಡ್‌ಬಿಲ್, ಬಿಲ್ ಬುಕ್ ಥರ ಸಣ್ಣ ಕೆಲಸ ಮಾಡಿ. ಆಮೇಲೆ ಕಾರ್ಡು. ಪುಸ್ತಕ ಕೊನೆಗೆ. ದೊಡ್ಡ ಪುಸ್ತಕವನ್ನು ಅಧ್ಯಾಯಕ್ಕೊಂದು ಫೈಲು ಮಾಡಿಟ್ಟರೆ ಹಳೇ ಕಂಪ್ಯೂಟರ್ ಕೂಡ ಸಲೀಸಾಗಿ ಎಳೆಯುತ್ತದೆ. ಸ್ಕ್ರೈಬಸ್ 1.6ಕ್ಕಿಂತ ಹಳೆಯದು ಬೇಡ. 1.4 ಸರಣಿಯಲ್ಲಿ ಕನ್ನಡದ ಒತ್ತಕ್ಷರ ಕೂರುವುದೇ ಇಲ್ಲ. ಅದನ್ನು ನೋಡಿಯೇ ಬಹಳ ಜನ ‘ಇದು ಆಗೋದಲ್ಲ’ ಅಂತ ಕೈಬಿಟ್ಟಿದ್ದಾರೆ.

ಒಂದು ಕೆಲಸ ಇನ್ನೂ ನನ್ನ ಕೈಗೆ ಹತ್ತಿಲ್ಲ. ನಮ್ಮ ಎ3 ಕಲರ್ ಪ್ರಿಂಟರಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಕೂರಿಸಿದರೆ ಪ್ರಿಂಟ್ ಬರುತ್ತದೆ, ಆದರೆ ದಪ್ಪ ಕಾಗದದ ಆಯ್ಕೆ ಸಿಗುವುದಿಲ್ಲ. 300 ಜಿಎಸ್‌ಎಂ ಬೋರ್ಡ್ ಹಾಕಿದರೆ ಟೋನರ್ ಸರಿಯಾಗಿ ಹಿಡಿಯದೆ ಉದುರುತ್ತದೆ. ಅದೊಂದಕ್ಕಾಗಿ ಒಂದು ಕಂಪ್ಯೂಟರಿನಲ್ಲಿ ವಿಂಡೋಸನ್ನೂ ಪಕ್ಕಕ್ಕೆ ಉಳಿಸಿಕೊಂಡಿದ್ದೇನೆ, ಇಂಟರ್ನೆಟ್ ಮಾತ್ರ ಕೊಟ್ಟಿಲ್ಲ. ದಪ್ಪ ಕಾಗದದ ಸೆಟ್ಟಿಂಗನ್ನು ಲಿನಕ್ಸ್‌ನಲ್ಲೇ ಹಿಡಿದವರು ಯಾರಾದರೂ ಇದ್ದರೆ ಹೇಗೆ ಅಂತ ತಿಳಿಸಿ. ಬದಲಿಗೆ ನನ್ನ ಆ ಬದಲಾವಣೆ ಪಟ್ಟಿಯಲ್ಲಿ ಅರ್ಧ ಕೊಡುತ್ತೇನೆ.