ಎರಡನೇ ಸಲ ಫೋನ್ ಮಾಡಲು ಹೆದರಿದ ಹುಡುಗಿ

ರಾತ್ರಿ ಹನ್ನೊಂದೂವರೆಗೆ ಮನೆಗೆ ಫೋನ್ ಬಂತು. ನಾನು ಇನ್‌ಚಾರ್ಜ್ ಸಿಸ್ಟರ್ ಆಗಿರುವ ವಾರ್ಡಿನ ನರ್ಸ್ ಹುಡುಗಿ. "ಅಕ್ಕಾ, ಆರನೇ ಬೆಡ್ ಅಮ್ಮಂಗೆ ಇನ್ಸುಲಿನ್ ಎಷ್ಟು ಕೊಡ್ಲಿ?"

ಶುಗರ್ 380 ಇದೆ ಅಂತ ಅವಳು ಡ್ಯೂಟಿ ಡಾಕ್ಟರಿಗೆ ಫೋನಲ್ಲಿ ಹೇಳಿದ್ದಳು. ಅವರು ಹೇಳಿದ್ದು ಅವಳಿಗೆ "ಫಿಫ್ಟಿ" ಅಂತ ಕೇಳಿಸಿತ್ತು. ನಮ್ಮಲ್ಲಿ ಬಳಸುವುದು ನಲವತ್ತು ಯೂನಿಟ್ಟಿನ ಸಿರಿಂಜ್. ಐವತ್ತು ಅದಕ್ಕೆ ಹಿಡಿಸುವುದೇ ಇಲ್ಲ. ಅಲ್ಲಿಗೆ ಅವಳ ಕೈ ನಿಂತಿತು. ನಾನೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು ಫಿಫ್ಟೀನ್.

ಅವಳು ಮನೆಯಲ್ಲಿ ಮಲಗಿದ್ದ ನನ್ನನ್ನು ಎಬ್ಬಿಸಿದಳು, ಆದರೆ ಡಾಕ್ಟರನ್ನು ಇನ್ನೊಂದು ಸಲ ಕೇಳಲಿಲ್ಲ. ಯಾಕೆ ಅನ್ನುವುದೇ ನನಗೆ ನಿದ್ದೆ ಕೆಡಿಸಿತು. ಬೆಳಗ್ಗೆ ಮೆಮೊ ಕೊಡಲಿಲ್ಲ, ಟೀ ಕೊಡಿಸಿದೆ. "ಹೋದ ವಾರ ಎರಡು ಸಲ ಕೇಳಿದ್ದಕ್ಕೆ ಕಿವಿ ಕೇಳಲ್ವಾ ಅಂದಿದ್ರು ಅಕ್ಕಾ" ಅಂದಳು. ರಾತ್ರಿ ತಂದಿದ್ದ ಊಟದ ಡಬ್ಬಿ ಬ್ಯಾಗಲ್ಲಿ ಹಾಗೇ ಇತ್ತು.

ಜನರಲ್ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕ. ನಮ್ಮದು ಜಿಲ್ಲಾ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡ್. ರಾತ್ರಿ ಮೂವತ್ತು ಬೆಡ್ಡಿಗೆ ಇಬ್ಬರು, ಹನ್ನೆರಡು ಗಂಟೆ ಡ್ಯೂಟಿ. ಅದನ್ನು ಸರಿ ಮಾಡುವುದು ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿಲ್ಲ. (ಮೇ 12ರ ನರ್ಸ್ ದಿನಕ್ಕೆ ಒತ್ತಡ ನಿಭಾಯಿಸುವುದು ಹೇಗೆ ಅಂತ ಒಂದು ಭಾಷಣ ಇಟ್ಟಿದ್ದರು. ಕೇಳಲು ನೈಟ್ ಡ್ಯೂಟಿ ಮುಗಿಸಿದವರನ್ನೇ ಕೂರಿಸಿದ್ದರು!) ನನ್ನ ಕೈಯಲ್ಲಿದ್ದದ್ದು ಫೋನು, ಊಟ, ಓವರ್ ಕೊಡುವ ರೀತಿ, ಅಂದರೆ ಡ್ಯೂಟಿ ಮುಗಿಸುವವರು ಮುಂದಿನವರಿಗೆ ರೋಗಿಗಳ ವಿಷಯ ಒಪ್ಪಿಸುವುದು.

ಮೊದಲು ಯೂನಿಟ್ ಡಾಕ್ಟರ ಹತ್ತಿರ ಹೋದೆ. ದೂರು ಹೇಳಲಿಲ್ಲ. "ಸರ್, ಫೋನಲ್ಲಿ ಹೇಳಿದ್ದನ್ನು ನಮ್ಮ ಹುಡುಗಿಯರು ತಿರುಗಿ ಓದ್ತಾರೆ. ನೀವು ಹೂಂ ಅಂದ ಮೇಲೇ ಇಡ್ತಾರೆ. ಲೆಕ್ಕ ಮಾತ್ರ ಕನ್ನಡದಲ್ಲಿ." ಫಿಫ್ಟೀನ್, ಫಿಫ್ಟಿ ಕಲೆಸಿಹೋಗುತ್ತವೆ. ಹದಿನೈದು, ಐವತ್ತು ಕಲೆಸುವುದಿಲ್ಲ, ಅಲ್ವಾ? ಅವರು ನಕ್ಕು ಒಪ್ಪಿದರು.

ಆಮೇಲೆ ಫೋನ್ ಪಕ್ಕ ಒಂದು ರಟ್ಟು ತೂಗುಹಾಕಿದೆ. ಈಗ ಏನಾಗಿದೆ? ಹಿಂದೆ ಏನಿತ್ತು? ನನಗೆ ಏನನ್ನಿಸುತ್ತದೆ? ನಿಮ್ಮಿಂದ ಏನು ಬೇಕು? ಅಮೆರಿಕದ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಕ್ರಮ ಇದು, ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಸ್‌ಬಿಎಆರ್ ಅಂತಾರೆ. ಮೂರನೇ ಸಾಲಿಗೇ ಎಲ್ಲರೂ ತಡವರಿಸಿದರು. ತಮಗೇನನ್ನಿಸುತ್ತದೆ ಅಂತ ಅವರನ್ನು ಯಾರೂ ಕೇಳಿರಲೇ ಇಲ್ಲ. ಮಧ್ಯಾಹ್ನ ಬಿಡುವಿದ್ದಾಗ ನಾನೇ ಡಾಕ್ಟರಾಗಿ, ಸಿಡುಕುತ್ತಾ, ಅಭ್ಯಾಸ ಮಾಡಿಸಿದೆ. ಸಿಡುಕುವ ಪಾತ್ರ ನನಗೆ ಚೆನ್ನಾಗಿ ಬರುತ್ತದಂತೆ.

ಊಟಕ್ಕೆ ಅರ್ಧ ಗಂಟೆ ಅಂತ ಬೋರ್ಡಿನಲ್ಲೇ ಹೆಸರು ಬರೆದೆವು. ಒಬ್ಬರು ಉಣ್ಣುವಾಗ ಇನ್ನೊಬ್ಬರು ಎರಡೂ ಕಡೆ ನೋಡುವುದು. ಕೇಸ್ ಜಾಸ್ತಿ ಬಂದ ರಾತ್ರಿ ಇದು ಈಗಲೂ ತಪ್ಪುತ್ತದೆ.

ಟೇಬಲ್ ಹತ್ತಿರ ಗಡಿಬಿಡಿಯಲ್ಲಿ ಕೊಡುತ್ತಿದ್ದ ಓವರ್ ಬೆಡ್ಡಿನ ಪಕ್ಕಕ್ಕೆ ಬಂತು. ಇದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಒಬ್ಬ ಹೆಂಗಸಿನ ಎಚ್‌ಐವಿ ವಿಷಯವನ್ನು ಪಕ್ಕದ ಬೆಡ್ಡಿನವರಿಗೆ ಕೇಳುವಂತೆ ಹೇಳಿಬಿಟ್ಟೆ. ಅವರ ಮುಖ ನೋಡಿ ನಾಲಗೆ ಕಚ್ಚಿಕೊಂಡೆ. ಅಂಥದ್ದೆಲ್ಲ ಈಗ ಟೇಬಲ್ ಹತ್ತಿರವೇ ಮುಗಿಸುತ್ತೇವೆ. ಆದರೆ ಬೆಡ್ ಪಕ್ಕ ನಿಂತರೆ ಕೇಸ್ ಶೀಟಿನಲ್ಲಿ ಇಲ್ಲದ್ದು ಸಿಗುತ್ತದೆ. "ಅವ್ವ ನಿನ್ನೆಯಿಂದ ಮಾತ್ರೆ ಉಗುಳ್ತಿದಾಳೆ" ಅಂತ ಒಬ್ಬ ಮಗಳು ಹೇಳಿದ್ದು ಹಾಗೇ.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ ಅದೇ ಹುಡುಗಿ ಓವರ್ ಕೊಡುತ್ತಿದ್ದಳು. ಹನ್ನೊಂದನೇ ಬೆಡ್ಡಿನವರಿಗೆ ರಾತ್ರಿ ಎರಡಕ್ಕೆ ಬಿಪಿ ಇಳಿದಿತ್ತು, ಯೂರಿನ್ ಬಂದಿರಲಿಲ್ಲ.

"ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದೆ ಅಕ್ಕಾ."

"ಏನಂದ್ರು?"

"ಬೈದ್ರು. ಆದ್ರೆ ಬಂದ್ರು."