ವಾಲಗದ ಊರಲ್ಲಿ ರಾಕ್ ಬ್ಯಾಂಡ್ ಓಡಿಸಿದ್ದು

"ಕೊಡಗಿನ ಮದುವೆಗೆ ವಾಲಗ ಸಾಕು, ನಿಮ್ಮ ಗಿಟಾರ್ ಗಲಾಟೆ ಯಾರಿಗೆ ಬೇಕು?" ನಮಗೆ ಈ ಮಾತು ಹೇಳದವರೇ ಇರಲಿಲ್ಲ. ಈಗ ಕಾಫಿ ಕೊಯ್ಲು ಮುಗಿದರೆ ಮೇ ತನಕ ನಮ್ಮ ಶನಿವಾರಗಳು ಸಿಗುವುದು ಕಷ್ಟ.

ಮೊದಲೆಲ್ಲ ಬೆಂಗಳೂರಿನ ಪಬ್‌ಗಳ ಹಿಂದೆ ಬಿದ್ದಿದ್ದೆವು. ಗೋಣಿಕೊಪ್ಪದಿಂದ ಹೋಗಿ ಬರಲು ಹೆಚ್ಚೂಕಡಿಮೆ 450 ಕಿಲೋಮೀಟರ್. ಗಾಡಿ ಬಾಡಿಗೆಗೇ 9-10 ಸಾವಿರ. ಪಬ್‌ನವರು ಕೊಡುತ್ತಿದ್ದುದು 15, ಜಾಸ್ತಿ ಅಂದರೆ 18. ದಾರಿಯಲ್ಲಿ ಊಟ ಮಾಡಿ ಬಂದರೆ ತಲೆಗೆ 500 ಉಳಿದರೆ ಪುಣ್ಯ. ಒಂದು ಕಡೆಯಂತೂ ಅರ್ಧ ದುಡ್ಡಿಗೇ ನಾಲ್ಕು ತಿಂಗಳು ಸತಾಯಿಸಿದರು.

ಊರಲ್ಲೇ ನುಡಿಸೋಣ ಅಂದರೆ ಸೌಂಡ್ ಮೈಸೂರಿನಿಂದ ಬರಬೇಕು. ಪಾರ್ಟಿ ಕೊಡುವ 35ರಲ್ಲಿ 25 ಸಾವಿರ ಸೌಂಡಿನವರ ಪಾಲು. ಸೌಂಡ್ ನಮ್ಮದೇ ಆದರೆ ಆ ದುಡ್ಡೂ ನಮ್ಮದೇ ಅಲ್ವಾ? ಬೇಸ್ ನುಡಿಸುವವನು ಬುಲೆಟ್ ಮಾರಿದ. ನಾನು ಕರಿಮೆಣಸಿನ ದುಡ್ಡು ಹಾಕಿದೆ. 15 ಇಂಚಿನ ಎರಡು ಪವರ್ಡ್ ಸ್ಪೀಕರ್, ಭಾರೀ ಶಬ್ದಕ್ಕೆ 18 ಇಂಚಿನ ಒಂದು ಸಬ್‌ವೂಫರ್, 16 ಚಾನೆಲ್ ಸೌಂಡ್ ಮಿಕ್ಸರ್, ಎಲ್ಲ ಸೆಕೆಂಡ್ ಹ್ಯಾಂಡ್. ಎರಡೂವರೆ ಲಕ್ಷದ ಹತ್ತಿರ ಹೋಯಿತು. "ಇದರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಒಂದು ಒಳ್ಳೇ ಪಲ್ಪರ್ ಬರ್ತಿತ್ತು" ಅಂದರು ಅಪ್ಪ. ಸಾಲದ್ದಕ್ಕೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಹೋಂಸ್ಟೇಗಳೆಲ್ಲ ಖಾಲಿ. ಸ್ಪೀಕರ್‌ಗಳು ಕಾಫಿ ಗೋಡೌನ್‌ನಲ್ಲಿ ಸುಮ್ನೆ ಕೂತವು.

ಮತ್ತೆ ಶುರು ಮಾಡಿದಾಗ ಜನರೇಟರ್ ಕೈಕೊಟ್ಟಿತು. ಒಂದು ಎಸ್ಟೇಟ್ ಪಾರ್ಟಿ. ಹಾಡಿನ ಮಧ್ಯೆ ಅಡುಗೆಮನೆಯ ದೊಡ್ಡ ಲೋಡ್ ಆಫ್ ಆಯಿತು, ವೋಲ್ಟೇಜ್ ಜಿಗಿಯಿತು, ನಮ್ಮ ಸೌಂಡ್ ಮಿಕ್ಸರ್‌ನಿಂದ ಸುಟ್ಟ ವಾಸನೆ. ರಿಪೇರಿಗೆ 11 ಸಾವಿರ. ಅವರು ಪೈಸೆ ಕೊಡಲಿಲ್ಲ. ಆಮೇಲಿಂದ ಸರ್ವೋ ಸ್ಟೆಬಿಲೈಸರ್ ಜೊತೆಗೇ ಇರುತ್ತದೆ. ಮಿಕ್ಸರ್‌ಗೂ ಪೆಡಲ್‌ಗಳಿಗೂ ಯುಪಿಎಸ್. ಮಲ್ಟಿಮೀಟರ್ ಇಟ್ಟು ನೋಡದೆ ಯಾರೂ ಪ್ಲಗ್ ಹಾಕುವಂತಿಲ್ಲ.

ಮಳೆಗಾಲದ ಥಂಡಿ ಇನ್ನೊಂದು ಶತ್ರು. ಜೂನ್‌ನಲ್ಲಿ ಸರಿಯಿದ್ದ ಗಿಟಾರ್ ನೆಕ್ ಆಗಸ್ಟ್‌ಗೆ ಬಾಗಿರುತ್ತದೆ. ಅಜ್ಜಿ ರೇಷ್ಮೆ ಸೀರೆ ಇಡುತ್ತಿದ್ದ ಬೀರುವಿನೊಳಗೆ ಹಳೇ ಕಾಲದ ಝೀರೋ ಬಲ್ಬ್ ಹಾಕಿ ಗಿಟಾರ್ ನಿಲ್ಲಿಸಿದ್ದೇನೆ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬಿಸಿ ಬರುವುದಿಲ್ಲ. ಬಲ್ಬ್ ಕೆಳಗಿರಬೇಕು, ಗಿಟಾರ್‌ನಿಂದ ದೂರ.

ಒಂದು ಮಳೆಗಾಲ ದುಡಿಗೆ (ನಮ್ಮ ಕಡೆಯ ಪುಟ್ಟ ಚರ್ಮವಾದ್ಯ) ಪೀಜೋ ಅನ್ನುವ ಅಂಟಿಸುವ ಮೈಕ್ ಹಾಕಿ, ಶಬ್ದವನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಮೂಲಕ ಬಿಟ್ಟೆ. ಊಳಿಟ್ಟ ಶಬ್ದಕ್ಕೆ ನಾಯಿಗಳೆಲ್ಲ ಅಂಗಳ ಬಿಟ್ಟು ಓಡಿದವು. ಆ ಪೆಡಲ್ ತೆಗೆದು ಸ್ವಲ್ಪ ಡಿಲೇ (ಪ್ರತಿಧ್ವನಿ) ಮಾತ್ರ ಇಟ್ಟರೆ ಚೆನ್ನಾಗಿದೆ. ಒಂದು ಹಾಡಿಗೆ ಈಗಲೂ ಬಳಸುತ್ತೇವೆ.

ಕೊನೆಗೆ ಜನ ಕುಣಿದದ್ದು ವಾಲಗದಿಂದಲೇ. ವಾಲಗದ ಕೊಂಬು, ಕೊಟ್ಟು (ಡೋಲು) ನಿಂತ ಮೇಲೆ ಗ್ಯಾಪ್ ಕೊಟ್ಟರೆ ಎಲ್ಲರೂ ಗ್ಲಾಸ್ ಹಿಡಿದು ಕೂತುಬಿಡುತ್ತಾರೆ. ಹಾಗಾಗಿ ವಾಲಗ ನಡೆಯುತ್ತಿರುವಾಗಲೇ ನಮ್ಮ ಡ್ರಮ್ಮರ್ ಅದೇ ಆರು ಪೆಟ್ಟಿನ ತಾಳವನ್ನು ಫ್ಲೋರ್ ಟಾಮ್ ಅನ್ನುವ ದೊಡ್ಡ ಡ್ರಮ್‌ನಲ್ಲಿ ಮೆಲ್ಲಗೆ ಹಿಡಿಯುತ್ತಾನೆ. ಆಮೇಲೆ ಬೇಸ್. ಎರಡು ನಿಮಿಷ ಕಳೆದ ಮೇಲಷ್ಟೇ ನನ್ನ ಗಿಟಾರ್. ಅಷ್ಟರಲ್ಲಿ ವಾಲಗದವರು ನಿಲ್ಲಿಸಿರುತ್ತಾರೆ, ಕಾಲು ನಿಂತಿರುವುದಿಲ್ಲ. ಅಜ್ಜಂದಿರು ಗಿಟಾರಿನ ಓವರ್‌ಡ್ರೈವ್ ಗರ್ಜನೆಗೆ ಕುಣಿಯುವುದನ್ನು ನೋಡಬೇಕು! ಆರರ ತಾಳದಿಂದ ರಾಕ್‌ನ ನಾಲ್ಕರ ತಾಳಕ್ಕೆ ಹೇಗೆ ದಾಟುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನಮ್ಮ ಅನ್ನ.

ರಾತ್ರಿ 10ಕ್ಕೆ ಸ್ಪೀಕರ್ ಆಫ್, ಕಾನೂನು. ಆಮೇಲೆ ಕಹೋನ್ (ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ), ಅಕೂಸ್ಟಿಕ್ ಗಿಟಾರ್. ಇದಕ್ಕೂ ಬೇರೆ ರೇಟ್ ಇದೆ.

ಸೌಂಡ್ ಸೇರಿ ಈಗ ಮದುವೆಗೆ 60-65 ಸಾವಿರ. ಹಾಕಿದ ದುಡ್ಡು ಎರಡು ಸೀಸನ್‌ನಲ್ಲಿ ವಾಪಸ್ ಬಂತು. ಅರ್ಧದಷ್ಟು ಬುಕಿಂಗ್ ಕೊಡಿಸುವವರು ವಾಲಗದವರೇ. ಅವರಿಗೆ ಹಾಕುವ ಮೈಕಿಗೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ.